ಎದುರು ಮನೆಗೆ ಎರಡು ದಿನ

ನಮ್ಮ ಊರಿಗೆ ಬಂದು ಸೇರುವುದೇನೂ ಕಷ್ಟವಲ್ಲ. ಎರಡು ವಿಮಾನ, ಒಂದು ರೈಲು, ಒಂದು ಬಸ್ಸು, ಅಷ್ಟೇ. ಬಸ್ಸಿಳಿದ ಮೇಲೆಯೇ ನಿಜವಾದ ಪ್ರಯಾಣ ಶುರುವಾಗುವುದು, ನನ್ನ ತಲೆ ಕೆಡುವುದೂ ಅಲ್ಲಿಂದಾಚೆಗೇ. ನನಗೆ ಸಿಗುವ ರಜೆ ಹದಿನೈದು ದಿನ. ಹೋಗಿ ಬರುವುದಕ್ಕೇ ನಾಲ್ಕು ದಿನ ಕಳೆದರೆ ಉಳಿಯುವುದು ಹನ್ನೊಂದು. ಈ ಹನ್ನೊಂದು ದಿನಕ್ಕಾಗಿ ಮೂರು ಮೂರು ವರ್ಷ ಆ ಚಳಿ ದೇಶದ ಹೋಟೆಲಿನ ನೆಲಮಾಳಿಗೆಯಲ್ಲಿ ನಿಂತು, ಮುಖ ಕೂಡ ನೋಡದ ಜನರ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತೇನೆ. ಇಲ್ಲಿ ಬಂದರೆ ಎಲ್ಲರೂ ಒಂದೇ ಉಸಿರಿನಲ್ಲಿ ಕೇಳುವುದು, "ಅಂಬೂ, ಯಾವಾಗ ಬಂದೆ, ಯಾವಾಗ ಹೊರಡೋದು?" ಎಂದು. ಬಂದವಳ ಚಪ್ಪಲಿ ಇನ್ನೂ ಕಾಲಲ್ಲೇ ಇರುತ್ತದೆ.

ನಮ್ಮಲ್ಲಿ ಒಮ್ಮೆ ಹೋಗಿಬಂದ ಯಾರದಾದರೂ ಮನೆಗೆ ಆಮೇಲೆ ಒಂದು ವರ್ಷ ಹೋಗದಿದ್ದರೆ ಆ ಮನೆ ಎರಡರಷ್ಟು ದೂರವಾಗುತ್ತದೆ. ಇನ್ನೊಂದು ವರ್ಷ ಹೋಗದಿದ್ದರೆ ಅದರ ಎರಡರಷ್ಟು. ಹೋಗದವರಿಗೆ ಮಾತ್ರ ಈ ದೂರ. ದಿನಾ ಹೋಗಿಬರುವವರಿಗೆ ಮನೆ ಇದ್ದಲ್ಲೇ ಇರುತ್ತದೆ. ನಡೆದು ಹೋಗಿ, ಒಳಗೆ ಕೂತು, ಮನೆಯವರು ಬಡಿಸಿದ್ದನ್ನು ತಿಂದರೆ ಆ ಮನೆ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಬಾಗಿಲಲ್ಲಿ ನಿಂತು ಮಾತಾಡಿದರೆ ಲೆಕ್ಕಕ್ಕಿಲ್ಲ, ಫೋನು ಮಾಡಿದರೆ ಲೆಕ್ಕಕ್ಕಿಲ್ಲ. ಆಟೋ ಹತ್ತಿದರೆ ಇಳಿಯುವಾಗ ಹತ್ತಿದ ಜಾಗದಲ್ಲೇ ಇರುತ್ತೀರಿ, ಅದಕ್ಕೇ ನಮ್ಮ ಆಟೋದವರು ಬಸ್ ಸ್ಟ್ಯಾಂಡಿಗೂ ಆಸ್ಪತ್ರೆಗೂ ಬಿಟ್ಟು ಬೇರೆಲ್ಲಿಗೂ ಬರುವುದಿಲ್ಲ. ಹೆಣ್ಣು ನೋಡಲು ಬಂದವರು ಹುಡುಗಿಯ ಓದು ಕೇಳುವ ಮೊದಲು "ಅವಳ ಸೋದರಮಾವನ ಮನೆ ನಿಮಗೆ ಎಷ್ಟು ಹೆಜ್ಜೆ?" ಎಂದು ಕೇಳುತ್ತಾರೆ. ಹೆಚ್ಚು ಹೆಜ್ಜೆ ಹೇಳಿದರೆ ಕಾಫಿ ಕುಡಿದು ಎದ್ದು ಹೋಗುತ್ತಾರೆ.

ನನ್ನ ಮನೆ ಇರುವುದು ನಲ್ಲಿ ಓಣಿಯಲ್ಲಿ. ಎದುರು ಮನೆ ನನ್ನ ಅಕ್ಕ ವಿಮಲಾಕ್ಷಿಯದು. ಓಣಿಯ ಅಗಲ ಹತ್ತು ಹೆಜ್ಜೆ, ನಡುಮಧ್ಯೆ ಒಂದು ನಲ್ಲಿ. ಆ ಹತ್ತು ಹೆಜ್ಜೆ ನನ್ನ ಪಾಲಿಗೆ ಈ ಸಲ ನಲವತ್ತು ಸಾವಿರ ದಾಟಿತ್ತು. ನನ್ನ ಜಗಲಿಯ ಮೇಲೆ ನಿಂತರೆ ಅಕ್ಕನ ಮನೆ ಬಯಲಿನ ತುದಿಯಲ್ಲಿ ಒಂದು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಅದೇ ಹೊತ್ತಿಗೆ ಪಕ್ಕದ ಮನೆಯ ದಾನಮ್ಮ ಬಟ್ಟಲಲ್ಲಿ ಸಾರು ಹಿಡಿದು, ಚೆಲ್ಲದ ಹಾಗೆ ನೋಡಿಕೊಳ್ಳುತ್ತಾ, ಹತ್ತೇ ಹೆಜ್ಜೆಯಲ್ಲಿ ಅಕ್ಕನ ಮನೆಯೊಳಕ್ಕೆ ಹೋಗಿ ಸಕ್ಕರೆ ಇಸಿದುಕೊಂಡು ಬರುತ್ತಿದ್ದಳು. ಇದನ್ನು ನೋಡಿದರೆ ಯಾರಿಗೆ ಮೈ ಉರಿಯುವುದಿಲ್ಲ ಹೇಳಿ.

ಹನ್ನೆರಡು ವರ್ಷದ ಹಿಂದೆ ಅಕ್ಕ ಆ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದಳು. ಅದಕ್ಕೆಂದೇ ನಾನು ರಜೆ ಹೊಂದಿಸಿಕೊಂಡು ಬಂದಿದ್ದೆ. ಎರಡು ದಿನ ನಿಂತು ತೋರಣ ಕಟ್ಟಿದವಳು ನಾನು, ಇನ್ನೂರು ಹೋಳಿಗೆ ತಟ್ಟಿದವಳು ನಾನು. ಮೊದಲ ಪಂಕ್ತಿಗೆ ಎಲೆ ಹಾಕಿದಾಗ ಹಸಿವಾಗಿತ್ತು, ಹೋಗಿ ಕೂತೆ. ಅಕ್ಕ ಬಂದು, ಅವಳ ಗಂಡನ ಕಡೆಯವರೆಲ್ಲ ನೋಡುತ್ತಿರುವ ಹಾಗೆಯೇ, ನನ್ನ ರಟ್ಟೆ ಹಿಡಿದು ಎಬ್ಬಿಸಿ, "ನೀನು ಆಮೇಲೆ" ಎಂದಳು. ನಾನು ಕೂತಿದ್ದ ಎಲೆಗೆ ಅವಳ ನಾದಿನಿಯನ್ನು ಕೂರಿಸಿದಳು. ಎದ್ದವಳು ನೆಟ್ಟಗೆ ಓಣಿ ದಾಟಿ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಆ ಮನೆಯಲ್ಲಿ ಒಂದು ತುತ್ತೂ ತಿನ್ನಲಿಲ್ಲ. ಅವಳೂ ಕರೆಯಲು ಬರಲಿಲ್ಲ. ಅಲ್ಲಿಂದೀಚೆಗೆ ನಾನು ಅವಳ ಮನೆ ತುಳಿದಿಲ್ಲ, ಅವಳು ನನ್ನ ಮನೆ ತುಳಿದಿಲ್ಲ.

ಮೂರು ವರ್ಷದ ಮೇಲೆ ಬಂದಾಗ ಎಂಬತ್ತು ಹೆಜ್ಜೆ ಆಗಿತ್ತು. ಹೋಗಬಹುದಿತ್ತು. ಅವಳೇ ಬರಲಿ ಎಂದೆ. ಆರು ವರ್ಷದ ಮೇಲೆ ಬಂದಾಗ ಹತ್ತು ನಿಮಿಷದ ದಾರಿ. ತಪ್ಪು ಅವಳದು, ನಾನ್ಯಾಕೆ ಹೋಗಲಿ ಎಂದೆ. ಒಂಬತ್ತಕ್ಕೆ ಒಂದು ಗಂಟೆಯ ಮೇಲಾಗಿತ್ತು, ಬಿಸಿಲು ಎಂದೆ. ಈಗ ಹನ್ನೆರಡು. ಈ ವಯಸ್ಸಿನಲ್ಲಿ, ಈ ಬಿಸಿಲಲ್ಲಿ, ಕೂತು ಎದ್ದು ನಡೆದರೆ ಎರಡು ದಿನ.

ಬಂದ ದಿನವೇ ದಾನಮ್ಮ ನನ್ನ ಮನೆಯ ಬೀಗದ ಕೈ ಕೊಡುತ್ತಾ ಹೇಳಿದಳು, "ನೋಡು ಅಂಬೂ, ಈ ಸಲ ಹೋಗ್ಲಿಲ್ಲ ಅಂದ್ರೆ ಮುಗೀತು. ಮುಂದಿನ ಸಲ ಬರೋ ಹೊತ್ತಿಗೆ ಹದಿನಾರು ದಿನ ಆಗುತ್ತೆ. ನಿನ್ನ ರಜಾನೇ ಹದಿನೈದು. ಆಮೇಲೆ ದೇವ್ರು ಬಂದ್ರೂ ಆಗಲ್ಲ."

"ಗೊತ್ತು ದಾನಮ್ಮ. ನಂಗೂ ಗುಣಿಸೋಕೆ ಬರುತ್ತೆ," ಎಂದೆ.

"ಅವಳಿಗೂ ಅರವತ್ತಮೂರು ಆಯ್ತು. ಮಂಡಿ ಹಿಡ್ಕೊಂಡಿದೆ."

"ನಂಗೇನು ಮಂಡಿ ಇಲ್ವಾ?" ಎಂದೆ. ಬಾಯಿ ಹಾಗೆಂದರೂ ಬರುವಾಗ ವಿಮಾನದಲ್ಲಿಯೇ ತೀರ್ಮಾನ ಮಾಡಿಕೊಂಡಿದ್ದೆ, ಈ ಸಲ ಹೋಗಿಯೇ ಸಿದ್ಧ ಎಂದು. ನನಗಿರುವವಳು ಒಬ್ಬಳೇ ಅಕ್ಕ. ಅಲ್ಲಿ ಆ ನೆಲಮಾಳಿಗೆಯಲ್ಲಿ ಹೊದಿಕೆಯ ನೆರಿಗೆ ಒತ್ತುವಾಗಲೆಲ್ಲ, ಸಣ್ಣವಳಿದ್ದಾಗ ನನ್ನ ಲಂಗದ ನೆರಿಗೆ ಹಿಡಿಯುತ್ತಿದ್ದ ಅವಳ ಕೈ ನೆನಪಾಗುತ್ತದೆ. ನೆನಪಾದ ಕೂಡಲೇ ರಟ್ಟೆ ಹಿಡಿದು ಎಬ್ಬಿಸಿದ್ದೂ ಅದೇ ಕೈ ಎಂಬುದು ನೆನಪಾಗುತ್ತದೆ. ಹೀಗೆ ಹನ್ನೆರಡು ವರ್ಷ.

ಮೊದಲ ದಿನವೇ ಹೊರಟುಬಿಡಬೇಕಿತ್ತು. ಬಿಡಬೇಕಲ್ಲ ಈ ಜನ! ತಮ್ಮ ಚನ್ನವೀರ ಬಂದು, "ಮೊದ್ಲು ಒಡಹುಟ್ಟಿದ ತಮ್ಮನ ಮನೆ, ಆಮೇಲೆ ಮಿಕ್ಕಿದ್ದು," ಎಂದು ಕರೆದೊಯ್ದ. ಅಲ್ಲಿ ಉಪ್ಪಿಟ್ಟು. ಅಲ್ಲಿಂದ ಎಂಬತ್ತು ಹೆಜ್ಜೆಗೆ ಚಿಕ್ಕಮ್ಮನ ಮನೆ, ಅಲ್ಲಿ ಉಪ್ಪಿಟ್ಟಿನ ಮೇಲೆ ಕೇಸರಿಬಾತು. "ನಿನ್ ತಮ್ಮನ ಮನೇಲಿ ಎರಡು ಸಲ ಹಾಕಿಸ್ಕೊಂಡ್ಯಂತೆ, ನಮ್ಮನೇಲಿ ಯಾಕೆ ಒಂದೇ ಸಲ?" ಎಂದು ಚಿಕ್ಕಮ್ಮನ ಮುಖ ಊದಿಕೊಂಡಿತು. ಅದನ್ನು ಇಳಿಸಲು ಮರುದಿನ ಮತ್ತೆ ಹೋಗಬೇಕಾಯಿತು. ಶಾಲೆಯ ಗೆಳತಿ ಸರ್ವಮಂಗಳೆ ತನ್ನ ಮನೆಗೆ ಮಾತ್ರವಲ್ಲದೆ ತನ್ನ ಮೂವರು ಸೊಸೆಯರ ತವರಿಗೂ ನನ್ನನ್ನು ಕರೆದುಕೊಂಡು ಹೋದಳು. ನಾನು ಆ ಮನೆಗಳಿಗೆ ಹುಟ್ಟಿದಾರಭ್ಯ ಹೋದವಳಲ್ಲ, ಹೋಗದೆ ಯಾರಿಗೂ ನಷ್ಟವಿರಲಿಲ್ಲ. ಎಲ್ಲ ಕಡೆಯೂ ಅದೇ ಪ್ರಶ್ನೆ. ಅಲ್ಲಿ ಎಷ್ಟು ಚಳಿ? ಅಲ್ಲಿಯವರು ಬಟ್ಟೆ ತಾವೇ ಒಗೆಯುವುದಿಲ್ಲವಾ? ಇಷ್ಟು ಯಾಕೆ ಇಳಿದುಹೋಗಿದೀಯ? ಹಾಗೆ ಕೇಳಿದವರೇ ಬಾಗಿಲ ಆಚೆ ಹೋಗಿ, "ಎಷ್ಟು ದಪ್ಪ ಆಗಿದಾಳೆ ನೋಡು" ಎನ್ನುತ್ತಿದ್ದರು. ನನಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ.

ಹೀಗೆ ಎಂಟು ದಿನ ಹೋದವು. ಹೊಟ್ಟೆ ಕೆಟ್ಟು ಒಂದು ದಿನ ಮಲಗಿದೆ, ಅದೂ ಆ ಎಂಟರಲ್ಲೇ ಸೇರಿತು. ಒಂಬತ್ತನೇ ದಿನ ಬೆಳಿಗ್ಗೆ ಹೊರಡೋಣವೆಂದರೆ ಚಿಕ್ಕಮ್ಮ ಹಾಲುಬಾಯಿ ಮಾಡಿಕೊಂಡು ಬಂದು ಕೂತುಬಿಟ್ಟಳು. ಅವಳನ್ನು ಸಾಗಹಾಕಿದಾಗ ಮಧ್ಯಾಹ್ನ. ನನ್ನ ಬಸ್ಸು ಹನ್ನೊಂದನೇ ದಿನ ಸಂಜೆ ನಾಲ್ಕೂವರೆಗೆ. ಬೆರಳು ಮಡಚಿ ನೋಡಿದೆ: ಈಗ ಹೊರಟರೆ ಹನ್ನೊಂದರ ಮಧ್ಯಾಹ್ನಕ್ಕೆ ಅಕ್ಕನ ಮನೆ, ಒಂದು ಊಟ, ವಾಪಸು ಬರಲು ಹತ್ತು ಹೆಜ್ಜೆ, ಬಸ್ಸು. ಒಂದು ಗಂಟೆಯೂ ಆಚೀಚೆ ಆಗುವಂತಿರಲಿಲ್ಲ.

ಹೊರಡುವಾಗ ದಾನಮ್ಮನಿಗೆ ಹೇಳಿದೆ, "ನಾನು ಬರ್ತಿದೀನಿ ಅಂತ ಅವಳಿಗೆ ಹೇಳಬೇಡ. ಹೇಳಿದ್ರೆ ಬೇಕಂತಲೇ ಬಾಗ್ಲು ಹಾಕ್ಕೊಂಡು ಕೂತ್ರೂ ಕೂತಳು. ಆಣೆ ಮಾಡು." ಬಾಯಲ್ಲಿ ಒಂದು ಮಾತು ನಿಲ್ಲದ ಹೆಂಗಸು ದಾನಮ್ಮ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿದಳು. "ಆಯ್ತಮ್ಮ, ಆಣೆ," ಎಂದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಡೆದೆ. ಹೆಗಲಿಗೊಂದು ಚೀಲ, ಕೈಯಲ್ಲಿ ನೀರಿನ ಬಾಟಲಿ, ಕಂಕುಳಲ್ಲಿ ಚಾಪೆ. ನೆರಳೆಂದರೆ ಓಣಿಯ ಎರಡು ಲೈಟು ಕಂಬದ್ದು, ಅವುಗಳ ನಡುವೆ ಅರ್ಧ ದಿನದ ದಾರಿ. ಕಾಲಡಿಯ ಚಪ್ಪಡಿಕಲ್ಲು ಒಂದೊಂದೂ ಮುಗಿಯಲು ಗಂಟೆಗಟ್ಟಲೆ ಹಿಡಿಯಿತು. ಅರ್ಧ ಗಂಟೆಗೊಮ್ಮೆ ದಾನಮ್ಮ ಪಕ್ಕದಲ್ಲೇ ಹಾದುಹೋಗುತ್ತಿದ್ದಳು, ಒಮ್ಮೆ ಕರಿಬೇವು ತರಲು, ಒಮ್ಮೆ ಪೇಪರು ಕೊಡಲು, ಒಮ್ಮೆ ಸುಮ್ಮನೆ. ಪ್ರತಿ ಸಲವೂ, "ಅಯ್ಯೋ, ಇನ್ನೂ ಇಲ್ಲೇ ಇದೀಯಾ!" ಎನ್ನುವಳು. ಐದನೇ ಸಲಕ್ಕೆ ನಾನು, "ಇಲ್ಲ ದಾನಮ್ಮ, ಹೋಗಿ ಬಂದು ಮತ್ತೆ ಹೊರಟಿದೀನಿ," ಎಂದೆ. ಅವಳು ನಕ್ಕು ಮುಂದೆ ಹೋದಳು. ಆ ನಗುವಿಗೂ ಒಂದು ಅರ್ಥವಿತ್ತೆಂದು ಆಮೇಲೆ ತಿಳಿಯಿತು.

ಹತ್ತನೇ ದಿನ ಮಧ್ಯಾಹ್ನ ನಲ್ಲಿ ಕಾಣಿಸಿತು. ಅಂದರೆ ಅರ್ಧ ದಾರಿ. ನಲ್ಲಿಯ ಕಟ್ಟೆಯ ಮೇಲೆ ಯಾರೋ ಕೊಡೆ ಬಿಚ್ಚಿಕೊಂಡು ಕೂತು, ಸೀರೆ ಮಂಡಿಯವರೆಗೆ ಎತ್ತಿ, ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ನನ್ನ ಅಕ್ಕ.

ಹನ್ನೆರಡು ವರ್ಷದ ಮೇಲೆ ಅಕ್ಕನನ್ನು ಎದುರಿಗೆ ಕಂಡಾಗ ಅಳಬೇಕು, ತಬ್ಬಿಕೊಳ್ಳಬೇಕು. ನನಗೆ ಬಂದದ್ದು ಸಿಟ್ಟು. "ನೀನು ಇಲ್ಲೇನು ಮಾಡ್ತಿದೀಯೇ?" ಎಂದು ಕಿರುಚಿದೆ.

ಅವಳು ತಲೆಯೆತ್ತಿ ನೋಡಿ, ನನಗಿಂತ ಜೋರಾಗಿ, "ನೀನಿಲ್ಲೇನು ಮಾಡ್ತಿದೀಯ? ನಿನ್ನ ಮನೇಗೆ ಅಂತ ನಾನು ಮೂರು ದಿನದಿಂದ ಕಾಲೆಳ್ಕೊಂಡು ಬರ್ತಿದೀನಿ, ನೀನು ಮನೇಲಿ ಬಿದ್ದಿರೋದು ಬಿಟ್ಟು ಬೀದಿ ಸುತ್ತುತಿದೀಯ!" ಎಂದಳು.

"ನಾನು ನಿನ್ನ ಮನೇಗೆ ಹೊರಟಿದ್ದು! ನೀನೇ ಇಲ್ಲದ ಮನೇಲಿ ಯಾರ ಕೈಲಿ ಬಡಿಸ್ಕೊಂಡು ತಿನ್ಲಿ?"

"ಬೀಗ ಹಾಕಿರೋ ಮನೆ ಮುಂದೆ ನಾನು ಏನು ತಿನ್ಲಿ, ಮಣ್ಣು?"

ಆ ಹೊತ್ತಿಗೆ ಸರಿಯಾಗಿ ದಾನಮ್ಮ ಬಿಂದಿಗೆ ಹಿಡಿದು ನೀರಿಗೆ ಬಂದಳು. ಇಬ್ಬರೂ ಒಟ್ಟಿಗೆ ಅವಳ ಮೇಲೆ ಬಿದ್ದೆವು. "ನಾನೇನಮ್ಮಾ ಮಾಡ್ಲಿ?" ಎಂದಳು ದಾನಮ್ಮ. "ಅವಳು ಮೊದ್ಲು ಬಂದು, ಹೇಳಬೇಡ ಅಂತ ಆಣೆ ಹಾಕಿಸ್ಕೊಂಡ್ಳು. ಆಮೇಲೆ ನೀನು. ಊರಲ್ಲೆಲ್ಲ ನನ್ನ ಬಾಯಿ ನಿಲ್ಲಲ್ಲ ಅಂತೀರ, ಒಂದು ಸಲ ನಿಲ್ಲಿಸಿದ್ದಕ್ಕೆ ಇದು ಫಲ." ಬಿಂದಿಗೆ ತುಂಬಿಸಿಕೊಂಡು ಹೊರಟೇಹೋದಳು.

ಕಟ್ಟೆಯ ಮೇಲೆ ಅಕ್ಕನ ಪಕ್ಕ ಕೂತೆ. ಕೂತು ಇಬ್ಬರೂ ಲೆಕ್ಕ ಹಾಕಿದೆವು. ನನ್ನ ಮನೆ ಅವಳಿಗೆ ಇನ್ನೂ ಇಪ್ಪತ್ತು ಸಾವಿರ ಹೆಜ್ಜೆ. ಅವಳ ಮನೆ ನನಗೆ ಇಪ್ಪತ್ತು ಸಾವಿರ. ಅವರವರ ಮನೆಗೆ ಮರಳುವುದಾದರೆ ಇಬ್ಬರಿಗೂ ಐದೈದೇ ಹೆಜ್ಜೆ. ಯಾರಾದರೂ ಒಬ್ಬರು ಹಿಂದಿರುಗಿ ಮನೆಯಲ್ಲಿ ಕೂರಬೇಕು, ಇನ್ನೊಬ್ಬರು ನಡೆಯಬೇಕು. ಹಿಂದಿರುಗಿದವರು ನಡೆದದ್ದೆಲ್ಲ ನೀರಲ್ಲಿ ಹೋಮ. ಎರಡೂ ಮನೆ ಮುಗಿಸಲು ನನ್ನ ಹತ್ತಿರ ದಿನವಿರಲಿಲ್ಲ.

"ನೀನು ಬಾ ನನ್ನ ಮನೇಗೆ," ಎಂದೆ, ಅವಳ ಊದಿದ ಪಾದ ನೋಡುತ್ತಾ. "ಮೂರು ದಿನ ನಡೆದಿದೀಯ. ಅದು ಹಾಳಾಗೋದು ಬೇಡ."

"ಬಂದು? ನಾಳೆ ನೀನು ಬೀಗ ಹಾಕ್ಕೊಂಡು ಹೋಗ್ತೀಯ. ನಿನ್ನ ಖಾಲಿ ಮನೆ ನನಗೆ ಹತ್ತಿರ ಇದ್ದು ಏನಾಗಬೇಕು? ಮುಂದಿನ ಸಲ ನೀನು ಬಂದಾಗ ನನ್ನ ಮಂಡಿ ಇರುತ್ತೋ ಇಲ್ವೋ. ನಿನಗೆ ನನ್ನ ಮನೆ ಹತ್ತಿರ ಆಗಬೇಕು. ನೀನೇ ನಡಿ." ಎಣ್ಣೆ ಬಾಟಲಿಯ ಮುಚ್ಚಳ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೂರು ದಿನ ಸವೆಸಿದ ದಾರಿಯನ್ನು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟಳು. ನನಗೆ ಅದೂ ತಡೆಯಲಾಗಲಿಲ್ಲ.

"ಇಷ್ಟೆಲ್ಲ ಬುದ್ಧಿ ಅವತ್ತು ಎಲ್ಲಿ ಹೋಗಿತ್ತು?" ಎಂದೆ. "ಎಲ್ಲರ ಮುಂದೆ ರಟ್ಟೆ ಹಿಡಿದು ಎಬ್ಬಿಸಿದೆಯಲ್ಲ. ನಿನ್ನ ನಾದಿನಿಗೆ ಮೊದಲ ಪಂಕ್ತಿ, ನನಗೆ ಎರಡನೇದು."

ಅಕ್ಕ ನನ್ನನ್ನೇ ನೋಡಿದಳು. ಅವಳ ಬಾಯಿ ತೆರೆದೇ ಇತ್ತು. "ಅದಕ್ಕಾ?" ಎಂದಳು. "ಹನ್ನೆರಡು ವರ್ಷ ಅದಕ್ಕಾ? ನಾನು ಏನೇನೋ ಅಂದ್ಕೊಂಡಿದ್ದೆ. ಕೆಲಸ ಜಾಸ್ತಿ ಮಾಡಿಸ್ದೆ ಅಂತ ಸಿಟ್ಟೇನೋ, ಸೀರೆ ಬಣ್ಣ ಹಿಡಿಸ್ಲಿಲ್ವೇನೋ ಅಂತ. ಅಲ್ವೇ ಹುಚ್ಚೀ, ಮನೆಯವಳು ಯಾವ ಪಂಕ್ತೀಲಿ ಊಟಕ್ಕೆ ಕೂರ್ತಾಳೆ? ಕೊನೇದ್ರಲ್ಲಿ ತಾನೇ? ನನ್ನ ಪಕ್ಕ ನಿನ್ನ ಕೂರಿಸ್ಕೊಂಡು ಉಣ್ಣೋಣ ಅಂತ ಎಬ್ಬಿಸ್ದೆ. ಎರಡು ಎಲೆ ಹಾಕಿಸಿ, ಹೋಳಿಗೆ ಆರಬಾರದು ಅಂತ ಮುಚ್ಚಿಟ್ಟು ಕಾಯ್ತಾ ಕೂತಿದ್ದೆ. ಮೂರು ಗಂಟೆವರೆಗೂ ಕೂತಿದ್ದೆ. ನೀನು ಬರಲಿಲ್ಲ. ನಾನೂ ಉಣ್ಣಲಿಲ್ಲ."

ನನ್ನ ಬಾಯಿಂದ ಬೈಗುಳವೇ ಹೊರಟಿತು. "ಅದನ್ನ ಅವತ್ತೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ? 'ನೀನು ಆಮೇಲೆ' ಅಂದ್ರೆ ಏನಂತ ತಿಳ್ಕೊಳ್ಳಲಿ? 'ನನ್ನ ಜೊತೆ' ಅನ್ನೋಕೆ ಆಗ್ತಿರ್ಲಿಲ್ವಾ?"

"ಕೈಲಿ ಸಾಂಬಾರಿನ ಬಕೆಟ್ ಇತ್ತು ಕಣೇ!" ಎಂದಳು ಅಕ್ಕ, ಮತ್ತು ಅತ್ತಳು. ನಾನೂ ಅತ್ತೆ. ಅಳುತ್ತಲೇ ಇನ್ನೂ ಸ್ವಲ್ಪ ಹೊತ್ತು ಜಗಳವಾಡಿದೆವು, ಹನ್ನೆರಡು ವರ್ಷದ್ದು ಬಾಕಿಯಿತ್ತು.

ಹೊತ್ತಾಗುತ್ತಿತ್ತು. "ನೀನು ಮನೆಗೆ ಹೋಗಿ ಕಾಲು ಚಾಚಿ ಮಲಕ್ಕೋ," ಎಂದೆ. "ನಾಳೆ ಮಧ್ಯಾಹ್ನದೊಳಗೆ ಬಂದು ಸೇರ್ತೀನಿ." ಅವಳಿಗೆ ಐದು ಹೆಜ್ಜೆ, ಅರ್ಧ ನಿಮಿಷದಲ್ಲಿ ತನ್ನ ಮಂಚದ ಮೇಲಿರಬಹುದಿತ್ತು. ಅಕ್ಕ ತಲೆ ಅಲ್ಲಾಡಿಸಿದಳು. "ಒಂದು ಸಲ ಆಮೇಲೆ ಬಾ ಅಂತ ಬಿಟ್ಟು ನೋಡಿದೀನಿ. ಸಾಕು," ಎಂದು ಎದ್ದು ಒಂದು ಹೆಜ್ಜೆ ಇಟ್ಟಳು.

ನನ್ನ ಕಣ್ಣಿಗೆ ಅವಳು ನಾಲ್ಕು ಸಾವಿರ ಹೆಜ್ಜೆ ಆಚೆ, ಕೊಡೆಯ ಸಮೇತ ಸಣ್ಣ ಚುಕ್ಕೆಯಾದಳು. ಅಲ್ಲೇ ನಿಂತಳು. ನಾನು ನಡೆದೆ. ಒಂದು ಗಂಟೆಯ ಮೇಲಾಯಿತು ಅವಳನ್ನು ಮುಟ್ಟಲು. ಹೋಗುವಷ್ಟರಲ್ಲಿ ಭಾವ ರುದ್ರಯ್ಯ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಅವಳಿಗೆ ಹಾಕಿದ್ದರು. ಅವರ ಪಾಲಿಗೆ ಹೆಂಡತಿ ಬಾಗಿಲಿಂದ ನಾಲ್ಕು ಹೆಜ್ಜೆಯಲ್ಲಿ ಬೀದಿ ಮಧ್ಯೆ ಕುರ್ಚಿ ಹಾಕಿಕೊಂಡು ಕೂತಿದ್ದಳು, ಅಷ್ಟೇ. "ಒಳಗೆ ಬಂದು ಕಾಯಬಾರ್ದೇನೇ?" ಎಂದು ಅವರು ಕೇಳಿದರೆ, "ನೀವು ಸುಮ್ನಿರಿ," ಎಂದಳು. ಲೋಟದಲ್ಲಿ ಚಹ ತಂದುಕೊಟ್ಟರು. ನಾನು ಕುಡಿದು ಮುಗಿಸಿದ ಮೇಲೆ ಅಕ್ಕ ಎದ್ದಳು, ಕುರ್ಚಿ ಎತ್ತಿಕೊಂಡಳು, ಎರಡನೇ ಹೆಜ್ಜೆ ಇಟ್ಟಳು. ಮತ್ತೆ ಚುಕ್ಕೆಯಾದಳು.

ಅವಳನ್ನು ಮತ್ತೆ ಮುಟ್ಟುವಾಗ ಕತ್ತಲಾಗಿತ್ತು, ರಾತ್ರಿ ಅಲ್ಲೇ ಇಬ್ಬರೂ ನನ್ನ ಚಾಪೆಯಲ್ಲಿ ಮಲಗಿ ಬೆಳಿಗ್ಗೆ ಎದ್ದೆವು. ಓಣಿಯವರೆಲ್ಲ ಎಂದಿನಂತೆ ಹಾಲಿಗೆ, ಹೂವಿಗೆ ಎಂದು ನಮ್ಮನ್ನು ದಾಟಿಕೊಂಡು ಓಡಾಡಿದರು. ಒಬ್ಬರಾದರೂ ಆಶ್ಚರ್ಯಪಡಲಿಲ್ಲ. ಚಿಕ್ಕಮ್ಮ ಬಂದು, "ಎಷ್ಟನೇ ಹೆಜ್ಜೆ?" ಎಂದಳು. "ಮೂರನೇದು ಇಡ್ತೀನಿ ಈಗ," ಎಂದಳು ಅಕ್ಕ. ಅರವತ್ತಮೂರು ವರ್ಷದ ನನ್ನ ಅಕ್ಕ ಹತ್ತನೇ ದಿನದ ಮಧ್ಯಾಹ್ನದಿಂದ ಹನ್ನೊಂದನೇ ದಿನದ ಮಧ್ಯಾಹ್ನದವರೆಗೆ ಐದು ಹೆಜ್ಜೆ ನಡೆದಳು. ಪ್ರತಿ ಹೆಜ್ಜೆಗೂ ಕೂತು, ಕೊಡೆ ಹಿಡಿದು, ನಾನು ಬರುವ ದಾರಿಯನ್ನೇ ನೋಡಿದಳು. ದೂರದಿಂದಲೇ "ನೀರು ಕುಡಿ! ನೆರಳಲ್ಲಿ ನಿಲ್ಲು!" ಎಂದು ಕೂಗುತ್ತಿದ್ದಳು. ನೆರಳೆಲ್ಲಿದೆ ಎಂದು ನಾನು ಕೂಗುತ್ತಿದ್ದೆ.

ಐದನೇ ಹೆಜ್ಜೆಗೆ ಹೊಸ್ತಿಲು. ಒಟ್ಟಿಗೆ ದಾಟಿದೆವು. ಆಗ ಒಂದೂವರೆ ಗಂಟೆ. ಭಾವ ಅನ್ನ, ಸಾರು ಮಾಡಿಟ್ಟಿದ್ದರು, ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅಕ್ಕ ಕುಂಟುತ್ತಲೇ ಹೋಗಿ ಎರಡು ಎಲೆ ತಂದು ಒಂದರ ಪಕ್ಕ ಒಂದು ಹಾಸಿದಳು. "ನಾನು ಬಡಿಸ್ತೀನಿ, ನೀವಿಬ್ರೂ ಕೂತ್ಕೊಳ್ಳಿ," ಎಂದರು ಭಾವ. "ನೀವು ಆಮೇಲೆ," ಎಂದು ನಾವಿಬ್ಬರೂ ಒಟ್ಟಿಗೆ ಅಂದುಬಿಟ್ಟೆವು. ಎಷ್ಟು ಹೊತ್ತು ನಕ್ಕೆವೋ, ಭಾವನಿಗೆ ಏನೂ ತಿಳಿಯಲಿಲ್ಲ.

ಮೂರೂವರೆಗೆ ಎದ್ದೆ. ಹೊಸ್ತಿಲಾಚೆ ಕಾಲಿಟ್ಟರೆ ನನ್ನ ಮನೆ ಅಲ್ಲೇ, ಎದುರಿಗೇ. ಹತ್ತು ಹೆಜ್ಜೆ ಎಣಿಸಿಕೊಂಡು ದಾಟಿದೆ. ಪೆಟ್ಟಿಗೆ ಹೊರಗಿಟ್ಟು, ಬೀಗ ಹಾಕಿ, ತಿರುಗಿ ನೋಡಿದೆ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳ ಸೆರಗಿಗೆ ಸಾರು ಬಿದ್ದದ್ದು ಕೂಡ ನನಗೆ ಕಾಣುತ್ತಿತ್ತು. ಅವಳು ಹುಬ್ಬಿಗೆ ಕೈ ಅಡ್ಡ ಹಿಡಿದು, ನನ್ನ ತಲೆಯ ಮೇಲಿಂದ ಎಲ್ಲೋ ಬಹಳ ದೂರ ನೋಡುತ್ತಿದ್ದಳು. ನನಗೆ ಅವಳ ಮನೆ ಹತ್ತಿರ ಬಂದಿತ್ತು. ಅವಳಿಗೆ ನನ್ನ ಮನೆ ಇನ್ನೂ ಎರಡು ದಿನದ ದಾರಿಯಲ್ಲಿ, ಬೆಂಕಿಪೊಟ್ಟಣದಷ್ಟೇ ಇತ್ತು.

"ಇಲ್ಲೇ ಇದೀನಿ ಕಣೇ!" ಎಂದೆ. ಅವಳಿಗೆ ಕೇಳಿಸಲಿಲ್ಲ. ಕೈ ಎತ್ತಿ ಬೀಸಿದೆ. ಅವಳು ಕಣ್ಣು ಕಿರಿದು ಮಾಡಿ ಹುಡುಕಿದಳು, ಸಿಗಲಿಲ್ಲ, ಆದರೂ ಅಂದಾಜಿನ ಮೇಲೆ ಆ ಬಯಲಿನ ಕಡೆಗೆ ಕೈ ಬೀಸಿದಳು. ನಾನಿದ್ದ ಕಡೆಗೇ ಅಲ್ಲ, ಸ್ವಲ್ಪ ಎಡಕ್ಕೆ.

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಪೆಟ್ಟಿಗೆಯನ್ನು ಜಗಲಿಯ ಮೇಲೆಯೇ ಬಿಟ್ಟು ಮತ್ತೆ ಹತ್ತು ಹೆಜ್ಜೆ ದಾಟಿದೆ. ಎದುರಿಗೆ ಪ್ರತ್ಯಕ್ಷಳಾದ ನನ್ನನ್ನು ನೋಡಿ ಅಕ್ಕ ಬೆಚ್ಚಿದಳು. "ಈಗ ತಾನೇ ಹೋದ್ಯಲ್ಲೇ, ಏನು ಮರ್ತೆ?" ಎಂದಳು.

"ಮಜ್ಜಿಗೆ," ಎಂದೆ. "ಊಟ ಹಾಕಿ ಮಜ್ಜಿಗೆ ಕೊಡದೇ ಕಳಿಸ್ತಿದೀಯಲ್ಲ, ನಾಚಿಕೆ ಆಗಲ್ವಾ?"

ಅಕ್ಕ ನನ್ನನ್ನು ಬೈದುಕೊಳ್ಳುತ್ತಾ ಲೋಟ ತರಲು ಒಳಗೆ ಹೋದಳು. ನಾನು ಅವಳ ಕುರ್ಚಿಯಲ್ಲಿ ಕೂತೆ.